ಬಿಸಿನೀರು ಒಸರುವ ಕಮರಿಯೊಳಗೆ ಒಂದು ಹಗಲು

5 ಮೇ 2023, ಶುಕ್ರವಾರ
ಅಮ್ಮಾನ್, ಜೋರ್ಡಾನ್

ಮೃತಸಮುದ್ರದ ಪೂರ್ವದ ದಂಡೆಗೆ ಜೋರ್ಡಾನಿನ ಎತ್ತರದ ಬಯಲಿನಿಂದ ಹಲವು ಕಮರಿಗಳು ಇಳಿಯುತ್ತವೆ. ಉತ್ತರದಲ್ಲಿ ಜರ್ಕಾ ಮಾಯಿನ್, ಅದರ ಕೆಳಗೆ ಮುಜೀಬ್, ಕರಕ್ ಸೀಮೆಯಲ್ಲಿ ಬಿನ್ ಹಮ್ಮಾದ್, ಇನ್ನೂ ದಕ್ಷಿಣಕ್ಕೆ ಹೋದರೆ ಹಸಾ. ಮುಜೀಬಿನಲ್ಲಿ ಎದೆಮಟ್ಟದ ನೀರಿನ ಸೆಳವಿಗೆ ಎದುರಾಗಿ ಹಗ್ಗ ಹಿಡಿದು ಹತ್ತಬೇಕು. ಜರ್ಕಾ ಮಾಯಿನ್ ಕಮರಿಯನ್ನು ಕೊನೆಯವರೆಗೆ ಇಳಿಯುವವರಿಗೆ ಹಗ್ಗದ ವಿದ್ಯೆ ಚೆನ್ನಾಗಿ ಗೊತ್ತಿರಬೇಕು. ಬಿನ್ ಹಮ್ಮಾದ್ ಮಾತ್ರ ಮೇಲ್ಭಾಗದಲ್ಲಿ ಸಾಮಾನ್ಯರೂ ನೀರಿನಲ್ಲಿ ಕಾಲಿಟ್ಟುಕೊಂಡು ನಡೆದು ಹೋಗಬಹುದಾದ ಕಮರಿ, ಅದರ ಬಾಯಲ್ಲೇ ಬಿಸಿನೀರಿನ ಬುಗ್ಗೆಗಳೂ ಇವೆ. ಅಮ್ಮಾನಿನಲ್ಲಿ ಕೆಲಸ ಮಾಡುವ ನನ್ನ ತಮ್ಮ, ವಾರದ ರಜೆಯ ದಿನವಾದ ಇಂದು, ಮಾರ್ಗದರ್ಶಿಯ ಜೊತೆ ಹೊರಡುವ ಒಂದು ಸಣ್ಣ ತಂಡದಲ್ಲಿ ನನಗೂ ತನ್ನ ಹೆಂಡತಿಗೂ ಜಾಗ ಕಾಯ್ದಿರಿಸಿದ್ದನು.

ಬೆಳಗ್ಗೆ ಬೇಗನೆ ಹೊರಟು, ಮಾದಬಾ, ಧಿಬಾನ್ ಊರುಗಳನ್ನು ಹಾದುಹೋಗುವ ಹಳೆಯ ರಾಜಮಾರ್ಗದಲ್ಲಿ ದಕ್ಷಿಣಕ್ಕೆ ಸಾಗಿದೆವು. ಧಿಬಾನ್ ದಾಟಿದ ಕೂಡಲೇ ನೆಲ ಒಮ್ಮೆಲೇ ಸೀಳಿಕೊಂಡಂತೆ ಮುಜೀಬ್ ಕಣಿವೆ ಕಾಣುತ್ತದೆ. ರಸ್ತೆ ಸುತ್ತಿ ಸುತ್ತಿ ಅದರ ತಳಕ್ಕೆ ಇಳಿದು, ಅಣೆಕಟ್ಟಿನ ಮೇಲೆ ಹಾದು, ಆಚೆಯ ಗೋಡೆಯನ್ನು ಮತ್ತೆ ಅಷ್ಟೇ ಸುತ್ತುಗಳಲ್ಲಿ ಏರುತ್ತದೆ. ಆಮೇಲೆ ಕರಕ್‌ವರೆಗೂ ಸಮತಟ್ಟಾದ ಗೋಧಿ ಹೊಲಗಳು. ರಬ್ಬಾ ಊರಿನಲ್ಲಿ ರಸ್ತೆಯ ಪಕ್ಕದಲ್ಲೇ ರೋಮನ್ನರ ಕಾಲದ ಗುಡಿಯ ಅವಶೇಷಗಳಿವೆ. ಮಾರ್ಗದರ್ಶಿ ಅಲ್ಲಿ ವ್ಯಾನನ್ನು ನಿಲ್ಲಿಸಿದಾಗ ಗುಡಿಯನ್ನು ತೋರಿಸುವುದಕ್ಕೆಂದೇ ಎಲ್ಲರೂ ತಿಳಿದೆವು. ಅವರು ಗುಡಿಯ ಕಡೆ ತಿರುಗಲಿಲ್ಲ. ಪೂರ್ವದ ದಿಗಂತವನ್ನು ಬಹಳ ಹೊತ್ತು ನೋಡಿ, ಇನ್ನೂ ದಕ್ಷಿಣದಲ್ಲಿರುವ ಹಳ್ಳಿಯೊಂದರ ತಮ್ಮ ಬಂಧುವಿಗೆ ಫೋನು ಮಾಡಿ, ಅಲ್ಲಿನ ಆಕಾಶ ಹೇಗಿದೆಯೆಂದು ಕೇಳಿದರು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನಿನ್ನೆ ರಾತ್ರಿಯೂ ಇಂದು ಬೆಳಗ್ಗೆಯೂ ಓದಿದ್ದಾಗಿತ್ತಂತೆ. "ಕೆಳಗೆ ಇಳಿದ ಮೇಲೆ ನಮಗೆ ಕಾಣುವುದು ಒಂದು ಪಟ್ಟಿಯಷ್ಟು ಆಕಾಶ ಮಾತ್ರ. ಆದ್ದರಿಂದ ನೋಡುವುದೆಲ್ಲವನ್ನೂ ಇಲ್ಲೇ ನೋಡಿಕೊಳ್ಳಬೇಕು" ಎಂದರು.

ಈ ಮಾತಿನ ತೂಕ ಅರ್ಥವಾಗಬೇಕಾದರೆ ಇಲ್ಲಿನ ನೆಲವನ್ನು ಗಮನಿಸಬೇಕು. ರಬ್ಬಾದ ಬಯಲು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಮೃತಸಮುದ್ರದ ನೀರಿನ ಮಟ್ಟ ಈಗ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಕೆಳಗಿದೆ. ಈ 1,300 ಮೀಟರಿನ ಇಳಿತವನ್ನು ಹೊಳೆ ಬಹಳ ಕಡಿಮೆ ದೂರದಲ್ಲಿ ಮುಗಿಸುತ್ತದೆ. ಮೇಲಿನ ಬಯಲಿನಲ್ಲಿ ಮಳೆಯನ್ನು ಹಿಡಿದು ನಿಲ್ಲಿಸುವ ಕಾಡಿಲ್ಲ, ಇರುವ ಮಣ್ಣೂ ತೆಳ್ಳಗಿನದು. ವರ್ಷಕ್ಕೆ ಕೆಲವೇ ದಿನ ಬೀಳುವ ಮಳೆ ಕೆಲವೊಮ್ಮೆ ಒಂದೇ ಗಂಟೆಯಲ್ಲಿ ಸುರಿದುಬಿಡುತ್ತದೆ, ಆಗ ದಿಕ್ಕು ದಿಕ್ಕಿನ ತೊರೆಗಳೆಲ್ಲ ಒಂದೇ ಇಕ್ಕಟ್ಟಾದ ಕಮರಿಗೆ ನುಗ್ಗುತ್ತವೆ. ಕಮರಿಯೊಳಗೆ ಬಿಸಿಲು ಇರುವಾಗಲೇ ಮೇಲಿನಿಂದ ನೀರು ಬಂದುಬಿಡಬಹುದು. 2018ರ ಅಕ್ಟೋಬರ್ 25ರಂದು ಜರ್ಕಾ ಮಾಯಿನ್ ಕಣಿವೆಗೆ ಪ್ರವಾಸ ಬಂದಿದ್ದ ಶಾಲೆಯ ಮಕ್ಕಳ ತಂಡವನ್ನು ಇಂಥದೇ ಹಠಾತ್ ಪ್ರವಾಹ ಕೊಚ್ಚಿಕೊಂಡು ಹೋಯಿತು. ಸತ್ತವರು 20ಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳೇ. ಶಿಕ್ಷಣ ಸಚಿವರೂ ಪ್ರವಾಸೋದ್ಯಮ ಸಚಿವರೂ ರಾಜೀನಾಮೆ ಕೊಟ್ಟರು. ಈ ದೇಶದ ಕಮರಿಗಳಲ್ಲಿ ಜನರನ್ನು ಕರೆದೊಯ್ಯುವ ಯಾರೂ ಆ ದಿನವನ್ನು ಮರೆತಿಲ್ಲ ಎಂಬುದು ನಮ್ಮ ಮಾರ್ಗದರ್ಶಿಯ ಫೋನಿನ ಮಾತಿನಿಂದಲೇ ತಿಳಿಯುತ್ತಿತ್ತು.

ಬಂಧುವಿನಿಂದ ಒಳ್ಳೆಯ ಉತ್ತರ ಬಂತು. ಕಡಿದಾದ ರಸ್ತೆಯಲ್ಲಿ ಕಣಿವೆಯ ತಳಕ್ಕೆ ಇಳಿದಾಗ ಶುಕ್ರವಾರದ ರಜೆಗೆ ಬಂದ ಕರಕ್ ಸೀಮೆಯ ಕುಟುಂಬಗಳು ಆಗಲೇ ಚಾಪೆ ಹಾಸಿ, ಇದ್ದಿಲು ಹೊತ್ತಿಸಿ, ಚಹಾಕ್ಕೆ ನೀರಿಟ್ಟಿದ್ದವು. ಇಲ್ಲಿ ಬುಗ್ಗೆಯ ನೀರನ್ನು ಹಿಡಿದಿಡಲು ಕಟ್ಟಿದ ಹಳೆಯ ಸಿಮೆಂಟಿನ ಕೊಳಗಳಿವೆ. ಹೊಳೆಯ ಪಕ್ಕದಲ್ಲಿ ಕಲ್ಲುಗಳನ್ನು ಒಟ್ಟಿ ಜನರೇ ಮಾಡಿಕೊಂಡ ಸಣ್ಣ ಮಡುಗಳೂ ಇವೆ. ಒಂದು ಮಡುವಿನ ಅಂಚಿನಲ್ಲಿ ಕುಳಿತು ಕೈಯಿಟ್ಟು ನೋಡಿದೆ. ಬಂಡೆಯ ಬುಡದ ಬಿರುಕಿನಿಂದ ಬರುವ ನೀರು ಬೆಚ್ಚಗಿತ್ತು, ಅಲ್ಲಿಂದ ಒಂದು ಮೊಳ ಆಚೆ ಹೊಳೆಯ ನೀರು ತಣ್ಣಗಿತ್ತು. ಎರಡೂ ಬೆರೆಯುವ ಕಡೆ ಬೆರಳುಗಳಿಗೆ ಬಿಸಿ ಮತ್ತು ತಂಪು ಪದರ ಪದರವಾಗಿ ತಾಗುತ್ತಿದ್ದವು.

ನೀರು ಬಿಸಿಯಾಗಿರುವುದಕ್ಕೆ ಅಡಿಯಲ್ಲೆಲ್ಲೋ ಅಗ್ನಿಪರ್ವತವಿದೆಯೇ ಎಂದು ತಂಡದಲ್ಲಿದ್ದ ಒಬ್ಬರು ಕೇಳಿದರು. ಅದರ ಅಗತ್ಯವಿಲ್ಲ. ಮೇಲಿನ ಬಯಲಿನಲ್ಲಿ ಬಿದ್ದ ಮಳೆಯ ಒಂದು ಪಾಲು ಸುಣ್ಣದಕಲ್ಲಿನ ಬಿರುಕುಗಳಲ್ಲಿ ಇಂಗಿ, ಅದರ ಕೆಳಗಿನ ಮರಳುಗಲ್ಲಿನ ದಪ್ಪ ಪದರಗಳೊಳಕ್ಕೆ ಇಳಿಯುತ್ತದೆ. ಭೂಮಿಯ ಒಳಗೆ ಒಂದು ಕಿಲೋಮೀಟರ್ ಇಳಿದರೆ ಉಷ್ಣತೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಷ್ಟು ಏರುತ್ತದೆ. ಆಳದಲ್ಲಿ ಬಹುಕಾಲ ಉಳಿದ ನೀರು ಸುತ್ತಲಿನ ಕಲ್ಲಿನಷ್ಟೇ ಬಿಸಿಯಾಗುತ್ತದೆ. ಮೃತಸಮುದ್ರದ ತಗ್ಗು ಎರಡು ಭೂಫಲಕಗಳ ಗಡಿ. ಪೂರ್ವದ ಅರೇಬಿಯಾ ಫಲಕ ಪಶ್ಚಿಮದ ನೆಲಕ್ಕೆ ಉಜ್ಜಿಕೊಂಡು ವರ್ಷಕ್ಕೆ ಸುಮಾರು 5 ಮಿಲಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ, ಈವರೆಗೆ ಒಟ್ಟು ಸುಮಾರು 100 ಕಿಲೋಮೀಟರ್ ಸರಿದಿದೆ. ಈ ಸರಿದಾಟದಲ್ಲಿ ಒಡೆದ ಕಲ್ಲಿನ ಸೀಳುಗಳೇ ಬಿಸಿನೀರಿಗೆ ಮೇಲೇರುವ ದಾರಿ. ಜರ್ಕಾ ಮಾಯಿನ್‌ನಲ್ಲಿ 60 ಡಿಗ್ರಿ ದಾಟಿದ ನೀರು ಜಲಪಾತವಾಗಿಯೇ ಧುಮುಕುತ್ತದೆ, ಬುಗ್ಗೆಯ ಬಾಯಿಗೆ ಮೈಯೊಡ್ಡಲಾಗದು. ಬಿನ್ ಹಮ್ಮಾದಿನಲ್ಲಿ ಹೊಳೆ ಸೇರಿದ ನೀರು ಮೈಗೆ ಹಿತವಾಗುವಷ್ಟೇ ಬೆಚ್ಚಗಿರುತ್ತದೆ. ನಮ್ಮ ಪುತ್ತೂರು ಕಡೆಯ ಇರ್ದೆಯ ಬೆಂದ್ರು ತೀರ್ಥವನ್ನು ನೋಡಿದವರಿಗೆ ಅಗ್ನಿಪರ್ವತವಿಲ್ಲದ ನಾಡಿನಲ್ಲೂ ಬಿಸಿನೀರು ಹುಟ್ಟುವುದು ಹೊಸ ಸಂಗತಿಯಾಗಲಾರದು.

ಹೀಗೆ ನೋಡಿದರೆ ಈ ಕಮರಿಯ ಬಿಸಿನೀರೂ ಪ್ರವಾಹವೂ ಒಂದೇ ಬಯಲಿನ ಒಂದೇ ಮಳೆ. ನೆಲಕ್ಕೆ ಇಂಗಲು ಸಮಯ ಸಿಕ್ಕ ಮಳೆ ಎಷ್ಟೋ ಕಾಲದ ಮೇಲೆ ಬೆಚ್ಚಗಾಗಿ ಬಂಡೆಯಿಂದ ಒಸರುತ್ತದೆ; ಸಮಯ ಸಿಗದ ಮಳೆ ಅಂದೇ ಕಲ್ಲು ಮರಗಳನ್ನು ಉರುಳಿಸಿಕೊಂಡು ಬರುತ್ತದೆ. ಇಲ್ಲಿಗೆ ಬರುವ ನಾವು ಮೊದಲನೆಯದರ ಸುಖಕ್ಕೆ ಬರುತ್ತೇವೆ, ಮಾರ್ಗದರ್ಶಿ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ನಾವು ಅವರಿಗೆ ಕೊಡುವ ಹಣ ದಾರಿ ತೋರಿಸಿದ್ದಕ್ಕೆ ಎಂದು ನಾನು ಭಾವಿಸುವುದಿಲ್ಲ, ಏಕೆಂದರೆ ದಾರಿಯೆಂದರೆ ಹೊಳೆಯೇ, ಅದನ್ನು ತಪ್ಪಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಇಂದು ಇಳಿಯಬೇಕೋ ಬಾರದೋ ಎಂಬ ತೀರ್ಮಾನಕ್ಕೇ ಆ ಹಣ ಸಲ್ಲುತ್ತದೆ.

ನೀರಿನಲ್ಲಿ ಬಿಚ್ಚಿಹೋಗದ ಶೂಗಳನ್ನು ಬಿಗಿದುಕೊಂಡು, ಫೋನುಗಳನ್ನು ನೀರು ಹೊಗದ ಚೀಲದಲ್ಲಿ ಕಟ್ಟಿಕೊಟ್ಟು, ಹೊಳೆಯ ಜೊತೆ ಪಶ್ಚಿಮಕ್ಕೆ ನಡೆದೆವು. ಮೊದಲಲ್ಲಿ ಕಣಿವೆ ಅಗಲವಾಗಿದ್ದು, ಎರಡೂ ಕಡೆ ಕಣಗಿಲೆ ಗಿಡಗಳು ಹೂಬಿಟ್ಟು ನಿಂತಿದ್ದವು. ಊಟಕ್ಕೆ ಬೆಂಕಿ ಮಾಡುವಾಗ ಆ ಗಿಡದ ಕಡ್ಡಿಯನ್ನು ಸೌದೆಗಾಗಲಿ, ಮಾಂಸ ಚುಚ್ಚಿ ಸುಡುವುದಕ್ಕಾಗಲಿ ಮುಟ್ಟಬಾರದೆಂದು ಮಾರ್ಗದರ್ಶಿ ಆಗಲೇ ಎಚ್ಚರಿಸಿದರು; ಕಣಗಿಲೆಯ ವಿಷ ಹೊಗೆಯಲ್ಲೂ ಇರುತ್ತದೆ. ಸ್ವಲ್ಪ ಮುಂದೆ ಗೋಡೆಗಳು ಹತ್ತಿರ ಬಂದು, ಬಿಸಿಲು ಮೇಲೆಯೇ ಉಳಿದು, ಹೊಳೆ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಹರಡಿತು. ಅಲ್ಲಿಂದಾಚೆ ದಡವೆಂಬುದೇ ಇಲ್ಲ.

ಈ ಇಕ್ಕಟ್ಟಾದ ಭಾಗ ಇಡೀ ದಿನದ ಸಾರ. ಎರಡು ಕಡೆಯೂ ಮರಳುಗಲ್ಲು ನೆಟ್ಟಗೆ ಎದ್ದಿದೆ. ಕಬ್ಬಿಣದ ಆಕ್ಸೈಡು ಬೆರೆತಲ್ಲಿ ಕೆಂಪು ಮತ್ತು ಹಳದಿ, ಮ್ಯಾಂಗನೀಸ್ ಸೇರಿದಲ್ಲಿ ನೇರಳೆ ಮತ್ತು ಕಪ್ಪು. ಪದರಗಳ ನಡುವಿನ ಗೆರೆಯೊಂದನ್ನು ಹಿಡಿದು ಗೋಡೆಯುದ್ದಕ್ಕೂ ನೀರು ಜಿನುಗುತ್ತದೆ, ಆ ಗೆರೆಯ ಕೆಳಗೆ ಜರೀಗಿಡಗಳ ಹಸಿರು ಪರದೆ ಇಳಿಬಿದ್ದಿದೆ. ಗೋಡೆಯ ಮೇಲಿನ ಒಂದು ಚಾಚಿನಲ್ಲಿ ಖರ್ಜೂರದ ಮರವೊಂದು ಮಣ್ಣಿಲ್ಲದೆ, ಬರಿ ಜಿನುಗನ್ನೇ ನಂಬಿ ಬೆಳೆದಿತ್ತು. ಒಂದು ಜರೀಗಿಡದ ಕೆಳಗೆ ಅಂಗೈ ಹಿಡಿದು ನಿಂತೆ. ಎಲೆಯ ತುದಿಯಿಂದ ಹನಿ ಹನಿಯಾಗಿ ಬಿದ್ದ ನೀರು ಗಾಳಿಯಲ್ಲಿ ಆರಿದ್ದರೂ ಉಗುರುಬೆಚ್ಚಗಿನದನ್ನು ಪೂರ್ತಿ ಬಿಟ್ಟಿರಲಿಲ್ಲ. ಹನಿ ಬೀಳುವ ಕಲ್ಲಿನ ಮೇಲೆ ಸುಣ್ಣ ಕಟ್ಟಿ, ಪಾಚಿಯ ಎಳೆಗಳೇ ಕಲ್ಲಾಗುತ್ತಿದ್ದವು. ಮೇಲುಭಾಗ ಇನ್ನೂ ಮೆತ್ತಗೆ ಹಸಿರಾಗಿತ್ತು, ಬುಡ ಬೆರಳಿಗೆ ಗರಗರ ಎನ್ನುತ್ತಿತ್ತು.

ಮಾರ್ಗದರ್ಶಿ ಒಂದು ತಿರುವಿನಲ್ಲಿ ನಿಂತು ತಲೆಯೆತ್ತಿ ನೋಡಲು ಹೇಳಿದರು. ನಮ್ಮ ತಲೆಗಿಂತ ಎಷ್ಟೋ ಮೇಲೆ, ಗೋಡೆಯ ಬಿರುಕಿನಲ್ಲಿ, ಒಣ ಜೊಂಡು, ತೊಗಟೆ ಸುಲಿದ ಒಂದು ಕೊಂಬೆ, ನೀಲಿ ಪ್ಲಾಸ್ಟಿಕ್ಕಿನ ಒಂದು ಹರಕು ಒತ್ತೊತ್ತಾಗಿ ಸಿಕ್ಕಿಕೊಂಡಿದ್ದವು. ಯಾರೂ ಹತ್ತಿ ಇಟ್ಟದ್ದಲ್ಲ. ಹೊಳೆ ಆ ಎತ್ತರದಲ್ಲಿ ಹರಿದದ್ದರ ಗುರುತು. ನಮ್ಮ ಕಣಕಾಲಿನ ಸುತ್ತ ಹರಿಯುತ್ತಿದ್ದ ನೀರಿನಲ್ಲಿ ಆಗ ಒಂದು ಸಣ್ಣ ಏಡಿ ಕಲ್ಲಿನಿಂದ ಕಲ್ಲಿಗೆ ಓಡುತ್ತಿತ್ತು. "ಅಕ್ಕಾ, ನೀರು ಕಲಕಿದರೆ ಸಾಕು, ಯಾರಿಗೂ ಕಾಯದೆ ಹತ್ತಬೇಕಂತೆ" ಎಂದು ಮಾರ್ಗದರ್ಶಿಯ ಅರಬ್ಬಿ ಮಾತನ್ನು ತಮ್ಮ ನನಗೆ ತಿಳಿಸಿ ಹೇಳಿದನು. ನೀರಿನ ಬಣ್ಣ ಬದಲಾಗುವುದು, ಕಡ್ಡಿ ಕಸ ಹೆಚ್ಚಾಗಿ ತೇಲಿಬರುವುದು, ದೂರದಿಂದ ಗುಡುಗಿನಂಥ ಸದ್ದು ಕೇಳುವುದು ಪ್ರವಾಹದ ಮುನ್ಸೂಚನೆಗಳು. ಅಂಥ ಹೊತ್ತಿನಲ್ಲಿ ಹತ್ತಿ ನಿಲ್ಲಬಹುದಾದ ಚಾಚುಗಳನ್ನು ಅವರು ನಡೆಯುತ್ತಲೇ ಒಂದೊಂದಾಗಿ ತೋರಿಸುತ್ತಿದ್ದರು, ಮುಂದಿನದು ಎಷ್ಟು ಹೆಜ್ಜೆ ದೂರವೆಂದೂ ಹೇಳುತ್ತಿದ್ದರು. ಹೆದರಿಸುವ ದನಿ ಅದರಲ್ಲಿ ಇರಲಿಲ್ಲ.

ಇಕ್ಕಟ್ಟು ಮುಗಿದ ಮೇಲೆ ಕಣಿವೆ ಮತ್ತೆ ತೆರೆದುಕೊಳ್ಳುತ್ತದೆ, ದೊಡ್ಡ ಬಂಡೆಗಳ ನಡುವೆ ಏರಿಳಿದು ಸಾಗಬೇಕು. ಕಿತ್ತಳೆ ಬಣ್ಣದ ರೆಕ್ಕೆಯಂಚಿನ ಕಪ್ಪು ಹಕ್ಕಿಗಳು, ಟ್ರಿಸ್ಟ್ರಾಮ್ ಸ್ಟಾರ್ಲಿಂಗ್ ಎಂಬ ಜಾತಿಯವು, ಮೇಲಿನ ಗೋಡೆಗಳಲ್ಲಿ ಸಿಳ್ಳೆ ಹಾಕುತ್ತಿದ್ದವು. ಮುಂದೆ ಮೃತಸಮುದ್ರದವರೆಗೆ ಇಳಿಯಬೇಕಾದರೆ ಜಲಪಾತಗಳನ್ನು ಹಗ್ಗದಿಂದ ಇಳಿಯಬೇಕು. ನಮ್ಮ ತಂಡ ಅದಕ್ಕೆ ಬಹಳ ಮೊದಲೇ, ಮಾರ್ಗದರ್ಶಿ ಬೆಳಗ್ಗೆಯೇ ನಿಗದಿಮಾಡಿದ್ದ ಹೊತ್ತಿಗೆ ಸರಿಯಾಗಿ ಹಿಂತಿರುಗಿತು. ಇನ್ನೊಂದು ತಿರುವು ನೋಡಿಬರೋಣವೆಂದು ಕೆಲವರು ಕೇಳಿಕೊಂಡರು, ಅವರು ಒಪ್ಪಲಿಲ್ಲ. ಒಪ್ಪದಿದ್ದುದು ನನಗೆ ಬಹಳ ಮೆಚ್ಚುಗೆಯಾಯಿತು.

ಊಟಕ್ಕೆ ಅವರೇ ಅಡುಗೆ ಮಾಡಿದರು. ಬಾಣಲೆಯಲ್ಲಿ ಆಲಿವ್ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ರಾಶಿ ಟೊಮ್ಯಾಟೊ ಹಾಕಿ, ನೀರು ಬತ್ತುವವರೆಗೆ ಕಾದು ಮಾಡುವ ಈ ಗಲಾಯೆತ್ ಬಂದೋರವನ್ನು ತೆಳುವಾದ ಶ್ರಾಕ್ ರೊಟ್ಟಿಯಲ್ಲಿ ಅದ್ದಿ ತಿಂದರೆ ನಮ್ಮ ಮನೆಯ ಟೊಮ್ಯಾಟೊ ಗೊಜ್ಜಿನ ಹತ್ತಿರದ ರುಚಿ. ಆಮೇಲೆ ಮರ್ಯಮಿಯ್ಯ ಸೊಪ್ಪು ಹಾಕಿದ, ಸಕ್ಕರೆ ಬಹಳವಾದ ಚಹಾ. ಪಕ್ಕದ ಚಾಪೆಗಳ ಸುತ್ತ ಪ್ಲಾಸ್ಟಿಕ್ ತಟ್ಟೆಗಳೂ ಖಾಲಿ ಬಾಟಲಿಗಳೂ ಹರಡಿದ್ದುದನ್ನು ಕಂಡು ಮನಸ್ಸಿಗೆ ನೋವಾಯಿತು. ಇಲ್ಲಿ ಬಿಟ್ಟದ್ದು ಮುಂದಿನ ಮಳೆಗೆ ಆ ಇಕ್ಕಟ್ಟಿನ ಗೋಡೆಗಳನ್ನೇ ಸೇರುತ್ತದೆ. ಮಾರ್ಗದರ್ಶಿ ದೊಡ್ಡ ಚೀಲವೊಂದನ್ನು ತೆಗೆದು ನಮ್ಮದನ್ನೂ ಕೈಗೆಟುಕಿದ ಬೇರೆಯವರದನ್ನೂ ತುಂಬಿಕೊಂಡಾಗ, ಪಕ್ಕದ ಚಾಪೆಯ ಇಬ್ಬರು ಹುಡುಗರು ಎದ್ದು ಬಂದು ಸೇರಿಕೊಂಡರು.

ಬಿಸಿನೀರಿಗೆ ಇಳಿಯುವುದನ್ನು ಕೊನೆಗೆ ಇಟ್ಟಿದ್ದರು. ಗಂಡಸರು ಒಂದು ಕಡೆಗೆ ಹೋದರು. ಹೆಂಗಸರಿಗೆ ಜೊಂಡಿನ ಮರೆಯ ಮಡು. ಇಲ್ಲಿ ಮೈತುಂಬ ಬಟ್ಟೆಯಲ್ಲೇ ನೀರಿಗಿಳಿಯುವುದು ರೂಢಿ, ನನಗೂ ತಮ್ಮನ ಹೆಂಡತಿಗೂ ಅದೇ ಹಿತವಾಗಿತ್ತು. ಕರಕ್‌ನ ಒಬ್ಬ ಅಜ್ಜಿ ಮಂಡಿಯವರೆಗೆ ಕಾಲನ್ನು ನೀರಿನಲ್ಲಿಟ್ಟುಕೊಂಡು ಕುಳಿತಿದ್ದರು. ಕೀಲುನೋವಿಗಾಗಿ ಮಗಳು ಆಗಾಗ ಕರೆತರುತ್ತಾಳೆಂದು ಸನ್ನೆಯಲ್ಲೇ ತಿಳಿಸಿ, ನಮಗೆ ಬುಗ್ಗೆಯ ಬಾಯಿಯ ಹತ್ತಿರ ಜಾಗ ಮಾಡಿಕೊಟ್ಟರು. ಬೆನ್ನನ್ನು ಬಂಡೆಗೆ ಒರಗಿಸಿ ಕುಳಿತಾಗ ಒಳಗಿನಿಂದ ನೀರು ಒತ್ತಿಬರುವುದು ಸೊಂಟಕ್ಕೆ ತಿಳಿಯುತ್ತಿತ್ತು.

ಬಿಸಿನೀರು ಕಾಯಿಲೆ ಕಳೆಯುತ್ತದೆಂಬ ಈ ನಂಬಿಕೆ ಇಲ್ಲಿ ಬಹಳ ಹಳೆಯದು. ಕ್ರಿಸ್ತಪೂರ್ವ 4ರಲ್ಲಿ ಸತ್ತ ಹೆರೋದ ದೊರೆಯನ್ನು ಕೊನೆಯ ಕಾಯಿಲೆಯಲ್ಲಿ ವೈದ್ಯರು ಮೃತಸಮುದ್ರದ ಇದೇ ದಂಡೆಯ ಕಲ್ಲಿರ್ರೋಯೆ ಬಿಸಿನೀರಿಗೆ ಕರೆತಂದರೆಂದು ಇತಿಹಾಸಕಾರ ಜೋಸೀಫಸ್ ಬರೆದಿದ್ದಾನೆ. ನೀರು ಅವನನ್ನು ಗುಣಪಡಿಸಲಿಲ್ಲ. ಮಾದಬಾದ ಸಂತ ಜಾರ್ಜರ ಚರ್ಚಿನ ನೆಲದಲ್ಲಿ 6ನೇ ಶತಮಾನದ ಮೊಸಾಯಿಕ್ ನಕ್ಷೆಯೊಂದಿದೆ. ಅದರಲ್ಲಿ ಮೃತಸಮುದ್ರದ ಪೂರ್ವದಂಡೆಗೆ ಆ ಬುಗ್ಗೆಗಳನ್ನೂ ಅವುಗಳ ಪಕ್ಕದ ಖರ್ಜೂರದ ಮರಗಳನ್ನೂ ಬಣ್ಣದ ಕಲ್ಲಿನ ಚೂರುಗಳಲ್ಲಿ ಜೋಡಿಸಿದ್ದಾರೆ. ನಾಳೆ ಬೆಳಗ್ಗೆ ಅದನ್ನು ನೋಡಲು ಹೋಗುವುದೆಂದು ವ್ಯಾನಿನಲ್ಲೇ ತೀರ್ಮಾನವಾಗಿದೆ. ಒದ್ದೆ ಶೂಗಳನ್ನು ಬಾಲ್ಕನಿಯಲ್ಲಿ ಒಣಗಲು ಇಟ್ಟಿದ್ದೇನೆ, ಅವುಗಳ ಹೊಲಿಗೆಗಳಲ್ಲಿ ಕೆಂಪು ಮರಳು ಇನ್ನೂ ಉಳಿದಿದೆ.