ಎಸ್ಸೆಸ್ಸೆಲ್ಸಿ ಆದ್ಮೇಲೆ ಏನು ಅನ್ನೋದನ್ನ ಎಂಟನೇ ಕ್ಲಾಸಿನಲ್ಲೇ ಕೇಳಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಸಂಜೆಯಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು ಅಂದಮೇಲೆ ಊರಿಗೆಲ್ಲ ನಾನು ಪುಕ್ಕಟೆ ಸಲಹೆಗಾರ. ಪ್ರಶ್ನೆ ಮಾತ್ರ ಪ್ರತಿ ವರ್ಷವೂ ಒಂದೇ. "ಸರ್, 625ಕ್ಕೆ 540 ಬಂದಿದೆ, ಸೈನ್ಸ್ ಕೊಡಿಸಬಹುದಲ್ವಾ?" ಹುಡುಗನಿಗೆ ಏನಿಷ್ಟ ಅಂತ ಕೇಳಿದರೆ, "ಅವನಿಗೇನು ಗೊತ್ತಾಗುತ್ತೆ ಸರ್, ನೀವೇ ಹೇಳಿ" ಅನ್ನುತ್ತಾರೆ.

ಅವನಿಗೆ ಗೊತ್ತಿಲ್ಲ ಅನ್ನುವುದು ನಿಜವೇ. ಹೇಗೆ ಗೊತ್ತಿರಬೇಕು ಹೇಳಿ? ಹತ್ತು ವರ್ಷ ಶಾಲೆಗೆ ಬಂದ ಹುಡುಗ ಹತ್ತಿರದಿಂದ ನೋಡಿರುವುದು ಮೇಷ್ಟ್ರು, ಡಾಕ್ಟರು, ಪೊಲೀಸು, ಕಂಡಕ್ಟರು, ಅಪ್ಪ ಮಾಡುವ ಹೊಲದ ಕೆಲಸ, ಇಷ್ಟೇ. ಇವರ ಜೊತೆಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿರುವ ಒಬ್ಬ ಚಿಕ್ಕಪ್ಪ, ಅವನು ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲಿ ಏನು ಮಾಡುತ್ತಾನೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಸಂಬಳ ಎಷ್ಟು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತು. ಇಷ್ಟನ್ನೇ ಕೈಗೆ ಕೊಟ್ಟು ಹತ್ತು ದಿನದಲ್ಲಿ ಜೀವನ ಆರಿಸಿಕೋ ಅಂದರೆ ಅವನು ಪಕ್ಕದ ಮನೆಯವನು ತಗೊಂಡಿದ್ದನ್ನೇ ತಗೊಳ್ಳುತ್ತಾನೆ.

ಅದಕ್ಕೇ ಕೆಲವು ವರ್ಷಗಳಿಂದ ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ದಸರಾ ರಜೆಯಲ್ಲಿ ಒಂದು ಕೆಲಸ ಹಚ್ಚುತ್ತೇನೆ. ಯಾರಾದರೊಬ್ಬರ ಪಕ್ಕ ಅರ್ಧ ದಿನ ಸುಮ್ನೆ ಕೂತು ನೋಡಿ ಬರಬೇಕು. ಸಂಬಳ ಕೇಳಬಾರದು. ಬೆಳಗ್ಗೆ ಮೊದಲು ಯಾವ ಕೆಲಸ ಮಾಡಿದರು, ಯಾವುದಕ್ಕೆ ಬೇಜಾರು ಮಾಡಿಕೊಂಡರು, ಯಾವುದು ಗೊತ್ತಾಗದೆ ಯಾರಿಗೆ ಫೋನ್ ಮಾಡಿದರು, ಇಷ್ಟು ಬರೆದುಕೊಂಡು ಬಂದರೆ ಸಾಕು.

ಒಬ್ಬಳು ಹುಡುಗಿ ಪಶು ಆಸ್ಪತ್ರೆಗೆ ಹೋಗಿದ್ದಳು. ಡಾಕ್ಟರ್ ಆಗಬೇಕು ಅನ್ನುತ್ತಿದ್ದವಳು, ಆದರೆ ಮನುಷ್ಯರ ಆಸ್ಪತ್ರೆಯಲ್ಲಿ ಅವಳನ್ನು ಕೂರಿಸಿಕೊಳ್ಳುವವರು ಯಾರೂ ಸಿಗಲಿಲ್ಲ. ಅಲ್ಲಿ ಒಂದು ಎಮ್ಮೆಗೆ ಗಬ್ಬ ನೋಡಬೇಕಿತ್ತು. ಡಾಕ್ಟರು ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಹಾಕಿ, ಕೈ ಒಳಗೆ ಹಾಕಿ, ಕಣ್ಣು ಬೇರೆಲ್ಲೋ ನೆಟ್ಟು ಬೆರಳಲ್ಲೇ ಹುಡುಕುತ್ತಿದ್ದರಂತೆ. ಎಮ್ಮೆ ಸಗಣಿ ಹಾಕಿತು, ಅವರ ಅಂಗಿಯ ಮೇಲೂ ಬಿತ್ತು. ಅವರು ಅದನ್ನು ನೋಡಲೂ ಇಲ್ಲ, "ಮೂರು ತಿಂಗಳು" ಅಂದರು. ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದಿದ್ದಳು: "ಕಣ್ಣಿಗೆ ಕಾಣದ್ದನ್ನು ಕೈಯಲ್ಲಿ ಹೇಗೆ ಕಂಡುಹಿಡಿದರು ಅಂತ ಮೂರು ಸಲ ಕೇಳಿದೆ. ವಾಸನೆ ಜಾಸ್ತಿ ಇತ್ತು. ನಾಳೆ ಮತ್ತೆ ಹೋಗುತ್ತೇನೆ." ಕೊನೆಯ ಆ ಸಾಲು ನಾನು ಹೇಳಿ ಬರೆಸಿದ್ದಲ್ಲ. ಅದೇ ವರ್ಷ ಇನ್ನೊಬ್ಬ ಹುಡುಗ ಟ್ಯಾಕ್ಸ್ ಕೆಲಸ ಮಾಡುವವರ ಆಫೀಸಿಗೆ 20ನೇ ತಾರೀಕು ಹೋಗಿಬಿಟ್ಟಿದ್ದ. ಅವತ್ತು ಜಿಎಸ್‌ಟಿ ರಿಟರ್ನ್ ಹಾಕಲು ಕೊನೆ ದಿನ. ಬಿಲ್ಲುಗಳ ಕಟ್ಟು, ಹ್ಯಾಂಗ್ ಆದ ವೆಬ್‌ಸೈಟು, ಫೋನಿನಲ್ಲಿ ಕೂಗಾಡುವ ಅಂಗಡಿಯವರು. ವಾಪಸ್ ಬಂದು, "ಸರ್, ಕಾಮರ್ಸ್ ಬೇಡವೇ ಬೇಡ" ಅಂದ. ಇದೂ ಲಾಭವೇ, ಅಲ್ವಾ? ಒಂದು ಸಂಜೆಯಲ್ಲಿ ಮೂರು ವರ್ಷ ಉಳಿಯಿತು.

ಈಗ ಆ ಸೈನ್ಸ್ ವಿಷಯಕ್ಕೆ ಬರುತ್ತೇನೆ. "ಸೈನ್ಸ್ ತಗೊಂಡರೆ ಆಮೇಲೆ ಯಾವ ಕಡೆ ಬೇಕಾದರೂ ಹೋಗಬಹುದು" ಅನ್ನುವ ಮಾತಿದೆಯಲ್ಲ, ನಿಯಮದ ಮಟ್ಟಿಗೆ ಅದು ಹೆಚ್ಚುಕಡಿಮೆ ಸರಿ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಓದಿದವನು ಬಿಕಾಂಗೂ ಹೋಗಬಹುದು, ಲಾಗೂ ಹೋಗಬಹುದು. ಆದರೆ ಯಾವ ಅಂಕ ಹಿಡಿದುಕೊಂಡು ಹೋಗುತ್ತಾನೆ? ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದ ಹುಡುಗ ಫಸ್ಟ್ ಪಿಯುಸಿಯಲ್ಲಿ ನಾಲ್ಕು ಸೈನ್ಸ್ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಒಟ್ಟಿಗೆ ತೆಗೆಯುತ್ತಾನೆ. ಇಷ್ಟ ಇದ್ದವನು ಮೊದಲ ಕಿರುಪರೀಕ್ಷೆಯಲ್ಲಿ ಬಿದ್ದು, ದೀಪಾವಳಿ ಹೊತ್ತಿಗೆ ಎದ್ದು ನಿಲ್ಲುತ್ತಾನೆ. ಬರೀ ಅಪ್ಪನ ಮಾತಿಗೆ ಸೇರಿದವನು ಎರಡು ವರ್ಷ ಕೂತು, 45 ಪರ್ಸೆಂಟ್ ತಗೊಂಡು, ತನಗೆ ತಲೆ ಇಲ್ಲ ಅಂತ ತೀರ್ಮಾನ ಮಾಡಿಕೊಂಡು ಹೊರಗೆ ಬರುತ್ತಾನೆ. ಆಮೇಲೆ ಹೋಗುವ ಬಿಕಾಂಗೆ ನೇರವಾಗಿ ಹೋಗಿದ್ದರೆ ಅಕೌಂಟ್ಸಿನಲ್ಲಿ ಎರಡು ವರ್ಷ ಮುಂದೆ ಇರುತ್ತಿದ್ದ.

ಏನಾಗಬೇಕು ಅನ್ನುವುದು 15 ವರ್ಷಕ್ಕೆ ತಿಳಿಯಲೇಬೇಕು ಅಂತ ನಾನು ಹೇಳುವುದಿಲ್ಲ, ನನಗೂ ಆಗ ತಿಳಿದಿರಲಿಲ್ಲ. ಯಾವ ಕಾಂಬಿನೇಷನ್ ತಗೊಂಡರೆ ಯಾವ ದಾರಿ ಮುಚ್ಚುತ್ತದೆ ಅನ್ನುವುದು ಗೊತ್ತಿದ್ದರೆ ಸದ್ಯಕ್ಕೆ ಸಾಕು. ಪಿಸಿಎಂಸಿ ತಗೊಳ್ಳುವಾಗ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಳ್ಳುತ್ತಿದ್ದೇವೆ, ಅಂದರೆ ವೆಟರ್ನರಿ, ಬಿಎಸ್ಸಿ ಕೃಷಿ ಕಡೆ ಕಷ್ಟ ಅಂತ ಮನೆಯಲ್ಲಿ ಒಬ್ಬರಾದರೂ ಜೋರಾಗಿ ಹೇಳಬೇಕು. ಎನ್‌ಡಿಎ (ಸೇನಾಧಿಕಾರಿಗಳ ತರಬೇತಿ ಅಕಾಡೆಮಿ) ಕನಸಿದ್ದರೆ ಆರ್ಮಿಗೆ ಯಾವ ವಿಭಾಗವಾದರೂ ನಡೆಯುತ್ತದೆ, ನೇವಿ, ಏರ್‌ಫೋರ್ಸಿಗೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬೇಕು. ಐದು ವರ್ಷದ ಲಾ ಕೋರ್ಸಿಗೆ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಆಗುತ್ತದೆ. ಸಿಎ ಫೌಂಡೇಶನ್ನೂ ಹಾಗೆಯೇ, ಆರ್ಟ್ಸ್‌ನಲ್ಲಿ ಹೆಚ್ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿದವರೂ ಬರೆಯಬಹುದು. ಇದನ್ನು ಹೇಳಿದಾಗ ಪೋಷಕರು ನಂಬುವುದೇ ಇಲ್ಲ.

ಪಿಯುಸಿಯೇ ಬೇಡ ಅನ್ನುವ ಮಕ್ಕಳೂ ಇದ್ದಾರೆ. ಅವರನ್ನು "ಓದು ಹತ್ತದವರು" ಅಂತ ಬದಿಗೆ ತಳ್ಳುವುದು ನೋಡಿದರೆ ನನಗೆ ಕೋಪ ಬರುತ್ತದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಕೆಲಸಕ್ಕೂ ಹೋಗಬಹುದು. ಜಿಟಿಟಿಸಿ ಅಂತ ಸರ್ಕಾರದ ಸಂಸ್ಥೆ ಇದೆ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿದ್ದು, ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ (ಫ್ಯಾಕ್ಟರಿಗೆ ಬೇಕಾದ ಉಪಕರಣ, ಅಚ್ಚು ತಯಾರಿಸುವ) ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಆದವರಿಗೇ, ಮೂರು ವರ್ಷ ಓದು ಮತ್ತು ಒಂದು ವರ್ಷ ಫ್ಯಾಕ್ಟರಿಯಲ್ಲಿ ತರಬೇತಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಓದಿದ. ಲೆಕ್ಕದಲ್ಲಿ ದಶಮಾಂಶ ಬಿಂದು ಎಲ್ಲಿಡಬೇಕು ಅಂತ ಯಾವಾಗಲೂ ಬೈಸಿಕೊಳ್ಳುತ್ತಿದ್ದವನು ಈಗ ಮೈಕ್ರೋಮೀಟರ್ ಹಿಡಿದು, ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಬಂದರೂ ಪೀಸನ್ನು ರಿಜೆಕ್ಟ್ ಮಾಡುತ್ತಾನೆ!

ಇಂಥ ಜಾಗಗಳು ನಮ್ಮ ರಾಜ್ಯದಲ್ಲೇ ಎಷ್ಟಿವೆ ಅಂತ ಎಷ್ಟೋ ಮೇಷ್ಟ್ರಿಗೂ ಗೊತ್ತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಬಾರದ, ಕಿವಿ ಕೇಳದ ಮಕ್ಕಳ ಜೊತೆ ಕೆಲಸ ಮಾಡುವುದನ್ನು ಡಿಗ್ರಿಯಾಗಿ ಕಲಿಸುತ್ತಾರೆ. ನೀಟ್ ಸೀಟು ತಪ್ಪಿತು ಅಂತ ಅಳುವವರಿಗೆ ಈ ಹೆಸರು ಹೇಳಿದರೆ ಮೊದಲ ಸಲ ಕೇಳಿದ ಹಾಗೆ ನೋಡುತ್ತಾರೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರದ್ದು, ದೇಶಕ್ಕೇ ಮೊದಲನೆಯದು. ಶಿರಸಿ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಮೊಬೈಲಿನಲ್ಲಿ ರೀಲ್ಸ್ ಎಡಿಟ್ ಮಾಡುತ್ತಾ ಕೂತ ಹುಡುಗನಿಗೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ತೋರಿಸಿ. ಅಲ್ಲಿನ ಸಿನಿಮಾಟೋಗ್ರಫಿ ಕೋರ್ಸು ಮೊದಲು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿತ್ತು. ಮೈಸೂರಿನ ವಿ.ಕೆ. ಮೂರ್ತಿ 1940ರ ದಶಕದಲ್ಲಿ ಅಲ್ಲೇ ಕ್ಯಾಮೆರಾ ಕಲಿತವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ದುಡ್ಡಿನ ಮಾತು ಬಿಡುವ ಹಾಗಿಲ್ಲ. ಪಿಯುಸಿ ಜೊತೆಗೇ ಪ್ರವೇಶ ಪರೀಕ್ಷೆಗೂ ತಯಾರು ಮಾಡುವ ಇಂಟಿಗ್ರೇಟೆಡ್ ಕೋಚಿಂಗ್ ಅಂತ ಬಣ್ಣದ ಪಾಂಪ್ಲೆಟ್ ಹಿಡಿದು ಬರುವವರ ಹತ್ತಿರ ಟಾಪರ್‌ಗಳ ಫೋಟೋ ಇರುತ್ತದೆ. ಉಳಿದವರೆಲ್ಲ ಎಲ್ಲಿ ಹೋದರು ಅಂತ ಕೇಳಿ ನೋಡಿ, ಉತ್ತರ ಬರಲ್ಲ. ಹೊಲ ಅಡವಿಟ್ಟು ಹಾಸ್ಟೆಲ್ ಫೀ ಕಟ್ಟುವ ಮುಂಚೆ ಅಲ್ಲಿ ಈಗ ಓದುತ್ತಿರುವ ಇಬ್ಬರು ಮಕ್ಕಳ ಜೊತೆ ಮಾತಾಡಿ, ಕಾಲೇಜಿನವರು ಕರೆತಂದು ಕೂರಿಸುವ ಮಕ್ಕಳ ಜೊತೆ ಬೇಡ. ಇಂಜಿನಿಯರಿಂಗ್ ಸಿಇಟಿ ರ್‍ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿ ಅಂಕದ್ದು ಅನ್ನುವುದೂ ನೆನಪಿರಲಿ. ಬೋರ್ಡ್ ಪರೀಕ್ಷೆ ಲೆಕ್ಕಕ್ಕಿಲ್ಲ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ.

ಎಂಟನೇ ಕ್ಲಾಸಿನಲ್ಲೇ ಮಾಡಬೇಕಾದ ಇನ್ನೊಂದು ಕೆಲಸ ಎನ್ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದೊಳಗಿದ್ದರೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ಪಿಯುಸಿಗೆ ಹೋಗುತ್ತಾಳೋ ಇಲ್ಲವೋ ಅನ್ನುವುದನ್ನು ಇಷ್ಟು ದುಡ್ಡೇ ನಿರ್ಧರಿಸಿದ್ದನ್ನು ಕಂಡಿದ್ದೇನೆ.

ಕಾಗದಪತ್ರದ ಬಗ್ಗೆಯೂ ಒಂದು ಮಾತು. ಸಿಇಟಿಯಲ್ಲಿ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮ ಕೋಟಾ 5 ಪರ್ಸೆಂಟ್. ಎರಡಕ್ಕೂ ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಅನ್ನುವ ಸರ್ಟಿಫಿಕೇಟ್ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಹೈಸ್ಕೂಲಿನಿಂದ ಟಿಸಿ ತಗೊಳ್ಳುವಾಗಲೇ ಇದನ್ನೂ ಮಾಡಿಸಿಟ್ಟುಕೊಳ್ಳಿ. ಹಾಗೇ ಆಧಾರ್, ಜಾತಿ ಪ್ರಮಾಣಪತ್ರ, ಶಾಲೆಯ ದಾಖಲೆ, ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್, ಇನಿಷಿಯಲ್ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುಂಚೆ ಸರಿ ಮಾಡಿಸಿ. ಅಂಕಪಟ್ಟಿ ಪ್ರಿಂಟ್ ಆದಮೇಲೆ ತಿದ್ದಿಸಲು ಎಷ್ಟು ಓಡಾಡಬೇಕು ಅಂತ ಓಡಾಡಿದವರನ್ನೇ ಕೇಳಿ.