ಐಸಿ50 ಎಷ್ಟು ಅಂತ ಕೇಳುವ ಮೊದಲು

ಹೊಸ ಔಷಧದ ಅಣು ಹೃದಯದ ಹರ್ಗ್ ಪೊಟ್ಯಾಸಿಯಂ ಚಾನೆಲನ್ನು, ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ದಾಟುವ ಬಾಗಿಲನ್ನು, ತಡೆಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಮೀಟಿಂಗಿನಲ್ಲಿ ಎಲ್ಲರೂ ಕೇಳುವುದು ಒಂದೇ: "ಐಸಿ50 ಎಷ್ಟು ಬಂತು?" ಅಂದರೆ, ಚಾನೆಲಿನ ಕರೆಂಟು ಅರ್ಧಕ್ಕೆ ಇಳಿಯಲು ಔಷಧ ಎಷ್ಟು ಬೇಕು ಅಂತ. ಆ ಅಂಕಿ ಒಂಟಿಯಾಗಿ ಬಂದರೆ ನಾನಂತೂ ನಂಬುವುದಿಲ್ಲ. ಹೇಗೆ ಅಳೆದರು, ಪಕ್ಕದಲ್ಲಿ ಇನ್ಯಾವ ಅಂಕಿ ಇದೆ ಅಂತ ಮೊದಲು ಕೇಳುತ್ತೇನೆ.

ಹರ್ಗ್ ಮೇಲೆ ಯಾಕಿಷ್ಟು ಕಣ್ಣು? ಪ್ರತಿ ಬಡಿತದ ಕೊನೆಗೆ ಹೃದಯದ ಕೋಶದ ವೋಲ್ಟೇಜ್ ಮೊದಲಿನ ಮಟ್ಟಕ್ಕೆ ಇಳಿಯಲು ಪೊಟ್ಯಾಸಿಯಂ ಈ ಚಾನೆಲ್ ಮೂಲಕ ಹೊರಹೋಗಬೇಕು. ಅದಕ್ಕೆ ಅಡ್ಡಿಯಾದರೆ ಇಸಿಜಿಯಲ್ಲಿ ಕ್ಯೂಟಿ ಎಂಬ ಅವಧಿ ಉದ್ದವಾಗುತ್ತದೆ, ಕೆಲವರಿಗೆ ಟೊರ್ಸಾಡ್ ಎಂಬ ಜೀವಕ್ಕೇ ಎರವಾಗುವ ಲಯದೋಷ ಬರುತ್ತದೆ. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಾಡಿನ್ ಕಥೆ ಇದೇ. ಸಿವೈಪಿ3ಎ4 ಕಿಣ್ವ ಅದನ್ನು ಬೇಗನೆ ಫೆಕ್ಸೊಫೆನಾಡಿನ್ ಆಗಿ ಬದಲಿಸುತ್ತಿದ್ದುದರಿಂದ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಜೊತೆಗೆ ಶಿಲೀಂಧ್ರ ಸೋಂಕಿನ ಔಷಧ ಕೀಟೊಕೊನಜೋಲ್ ನುಂಗಿದವರಲ್ಲಿ ಆ ಕಿಣ್ವದ ಕೆಲಸ ನಿಂತು, ಮೂಲ ಔಷಧವೇ ರಕ್ತದಲ್ಲಿ ಏರಿ ಹರ್ಗ್ ಮೇಲೆ ಕೂತಿತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಟರ್ಫೆನಾಡಿನ್ ಹೊರಬಿತ್ತು. ಫೆಕ್ಸೊಫೆನಾಡಿನ್ ಇಂದಿಗೂ ಇದೆ. ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಐಸಿಎಚ್ ಸಂಸ್ಥೆಯ 2005ರ ಎಸ್7ಬಿ ಮಾರ್ಗಸೂಚಿಯ ನಂತರ ಹರ್ಗ್ ಪರೀಕ್ಷೆ ವಾಡಿಕೆಯಾಯಿತು.

ಇನ್ನು ಅಳತೆ. ಗಾಜಿನ ಪಿಪೆಟ್ಟಿನ ತುದಿಯನ್ನು ಕೋಶಕ್ಕೆ ತಾಗಿಸಿ ಮೆಲ್ಲಗೆ ಹೀರಿದರೆ ರೋಧ ಕೆಲವೇ ಮೆಗಾಓಮ್‌ನಿಂದ ಗಿಗಾಓಮ್‌ಗೆ ಜಿಗಿಯುತ್ತದೆ. ಪಿಪೆಟ್ಟು ಪೊರೆಗೆ ಬಿಗಿಯಾಗಿ ಕಚ್ಚಿಕೊಂಡಿತು, ಅಂದರೆ ಸೀಲ್ ಸಿಕ್ಕಿತು. ಇನ್ನೊಮ್ಮೆ ಹೀರಿದರೆ ಪೊರೆ ಹರಿದು ಇಡೀ ಕೋಶದ ಕರೆಂಟು ಪರದೆ ಮೇಲೆ ಬರುತ್ತದೆ. ಮೈನಸ್ 80 ಮಿಲಿವೋಲ್ಟ್‌ನಲ್ಲಿ ಹಿಡಿದ ಕೋಶವನ್ನು ಪ್ಲಸ್ 20ಕ್ಕೆ ಏರಿಸಿದಾಗ ಕರೆಂಟು ಅಷ್ಟಕ್ಕಷ್ಟೇ. ಮೈನಸ್ 50ಕ್ಕೆ ಇಳಿಸಿದ ಕೂಡಲೇ ಅದು ಭರ್ರನೆ ಏಳುತ್ತದೆ. ಹೊಸಬರು ಉಪಕರಣ ಕೆಟ್ಟಿದೆ ಅಂದುಕೊಳ್ಳುವುದು ಇಲ್ಲೇ. ಉಪಕರಣ ಸರಿಯಾಗಿಯೇ ಇದೆ. ಹರ್ಗ್ ತೆರೆಯುವುದು ನಿಧಾನ, ತೆರೆದ ಮೇಲೆ ಕರೆಂಟು ಹರಿಯದಂತೆ ನಿಷ್ಕ್ರಿಯವಾಗುವುದು ಬಲು ಬೇಗ. ವೋಲ್ಟೇಜ್ ಇಳಿದಾಗ ಆ ನಿಷ್ಕ್ರಿಯತೆ ಥಟ್ಟನೆ ಬಿಟ್ಟುಹೋಗುತ್ತದೆ, ಬಾಗಿಲು ಮುಚ್ಚುವುದು ಮಾತ್ರ ಸಾವಕಾಶ. ನಾವು ಅಳೆಯುವುದು ಆ ನಡುವಿನ ಟೇಲ್ ಕರೆಂಟನ್ನು.

ಹರ್ಗ್ ತಡೆಯುವ ಬಹಳಷ್ಟು ಔಷಧಗಳು ಬಾಗಿಲು ತೆರೆದಾಗಲೇ ಒಳಹೊಕ್ಕು ಟೈರೋಸಿನ್ 652, ಫಿನೈಲಲನಿನ್ 656 ಎಂಬ ಎರಡು ಅಮೈನೋ ಆಮ್ಲಗಳ ಬಳಿ ಅಂಟಿಕೊಳ್ಳುತ್ತವೆ. ಹಾಗಾಗಿ ಬಾಗಿಲನ್ನು ಎಷ್ಟು ಹೊತ್ತು ತೆರೆದಿಟ್ಟೆವು ಎಂಬುದರ ಮೇಲೆ ಐಸಿ50 ಏರಬಹುದು, ಇಳಿಯಬಹುದು. ತಾಪಮಾನವೂ ಕೆಲವು ಔಷಧಗಳಲ್ಲಿ ಅದನ್ನು ಬದಲಿಸುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯ ಕೊಳವೆ. ಜಿಡ್ಡಿಗೆ ಒಲಿಯುವ ಅಣುಗಳು ದ್ರಾವಣ ಹರಿಯುವ ಪ್ಲಾಸ್ಟಿಕ್ ಕೊಳವೆಗೆ ಮೆತ್ತಿಕೊಳ್ಳುತ್ತವೆ. ಬಾಟಲಿ ಮೇಲೆ 1 ಮೈಕ್ರೋಮೋಲಾರ್ ಅಂತ ಬರೆದಿದ್ದರೂ ಕೋಶಕ್ಕೆ ತಲುಪುವುದು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಅದಕ್ಕೇ ಕೋಶದ ಪಕ್ಕದಿಂದಲೇ ಸ್ಯಾಂಪಲ್ ತೆಗೆದು, ನಿಜಕ್ಕೂ ಔಷಧ ಎಷ್ಟಿದೆ ಎಂದು ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುತ್ತೇವೆ. "ಹರ್ಗ್ ಕ್ಲೀನ್", ಅಂದರೆ ಈ ಅಣು ಹರ್ಗನ್ನು ತಡೆಯುವುದಿಲ್ಲ ಎಂಬ ಸಂಭ್ರಮ ಕೆಲವೊಮ್ಮೆ ಅಲ್ಲಿಗೆ ಮುಗಿಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ರಕ್ತದಲ್ಲಿ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಔಷಧದ ಗರಿಷ್ಠ ಸಾಂದ್ರತೆ ಗೊತ್ತಿಲ್ಲದೆ ಐಸಿ50ಗೆ ಅರ್ಥವಿಲ್ಲ. ಐಸಿ50 ಆ ಸಾಂದ್ರತೆಯ 30 ಪಟ್ಟಾದರೂ ಇರಲಿ ಎಂಬ ಅಂದಾಜು ನಮ್ಮಲ್ಲಿ ಚಾಲ್ತಿಯಲ್ಲಿದೆ, ಆದರೆ ಅದನ್ನು ಕಾನೂನಿನಂತೆ ಹಿಡಿಯುವವರ ಜೊತೆ ನನಗೆ ಜಗಳ. ವೆರಾಪಮಿಲ್ ನೋಡಿ: ಹರ್ಗನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೂ ಟೊರ್ಸಾಡ್ ತೀರಾ ಅಪರೂಪ. ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲನ್ನೂ ಅದು ಜೊತೆಗೇ ತಡೆಯುವುದರಿಂದ ಒಳಬರುವ ಕರೆಂಟೂ ತಗ್ಗಿ ಲೆಕ್ಕ ಸರಿಹೋಗುತ್ತದೆ. ಹಲವು ಚಾನೆಲ್‌ಗಳನ್ನು ಒಟ್ಟಿಗೆ ನೋಡಬೇಕೆಂದು 2013ರಲ್ಲಿ, ಔಷಧಗಳಿಂದಾಗುವ ಲಯದೋಷದ ಅಪಾಯ ಅಂದಾಜಿಸುವ ಸಿಪಾ ಯೋಜನೆ ಶುರುವಾದದ್ದು ಇಂಥವುಗಳಿಂದಲೇ.

ಔಷಧದ ಗುರಿಯೇ ಚಾನೆಲ್ ಆದಾಗಲೂ ಇದೇ ಮಾತು. ಮರಗಟ್ಟಿಸಲು ಬಳಸುವ ಲಿಡೊಕೇನ್ ತೆರೆದ ಅಥವಾ ನಿಷ್ಕ್ರಿಯವಾದ ಸೋಡಿಯಂ ಚಾನೆಲ್ಲಿಗೆ ಹೆಚ್ಚು ಬಿಗಿಯಾಗಿ ಅಂಟುತ್ತದೆ, ಆದ್ದರಿಂದ ನರ ಮತ್ತೆ ಮತ್ತೆ ಮಿಡಿದಷ್ಟೂ ತಡೆ ಹೆಚ್ಚು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನೋವಿನ ಔಷಧ ಸುಜೆಟ್ರಿಜಿನ್ ಇದಕ್ಕೆ ತದ್ವಿರುದ್ಧ. ಅದು ಎನ್ಎವಿ1.8 ಎಂಬ ಸೋಡಿಯಂ ಚಾನೆಲಿನ ವೋಲ್ಟೇಜ್ ಗ್ರಹಿಸುವ ಭಾಗಕ್ಕೆ ಅಂಟಿ, ಚಾನೆಲನ್ನು ಮುಚ್ಚಿದ ಸ್ಥಿತಿಯಲ್ಲೇ ಹಿಡಿದಿಡುತ್ತದೆ. ವೋಲ್ಟೇಜ್ ಜೋರಾಗಿ ಏರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಲಿಡೊಕೇನಿಗೆ ಹೊಂದಿಸಿದ ಪ್ರೋಟೊಕಾಲನ್ನೇ, ಅಂದರೆ ವೋಲ್ಟೇಜ್ ಏರಿಳಿಸುವ ಕ್ರಮವನ್ನೇ, ಇದಕ್ಕೂ ಹಚ್ಚಿದರೆ ಒಳ್ಳೆಯ ಔಷಧವೇ ಕೈಲಾಗದ್ದಾಗಿ ಕಾಣಬಹುದು.