ಬೇರೆಯವರ ಹೊಲದ ನಡುವೆ ನಮಗೂ ಒಂದು ದಾರಿ

ನಮ್ಮ ಕುಟುಂಬ ವಾಸವಾಗಿರುವ ಶೆಫೀಲ್ಡ್, ಇಂಗ್ಲೆಂಡಿನಲ್ಲಿ ಉಕ್ಕಿನ ಕಾರ್ಖಾನೆಗಳಿಂದ ಹೆಸರಾದ ದೊಡ್ಡ ನಗರ. ಅದರ ವಿಸ್ತೀರ್ಣದ ಸುಮಾರು ಮೂರರಲ್ಲೊಂದು ಪಾಲು ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದೆ ಎಂಬುದು ಇಲ್ಲಿಗೆ ಬರುವ ಮೊದಲು ನಮಗೆ ಗೊತ್ತಿರಲಿಲ್ಲ. ಹೋಪ್ ವ್ಯಾಲಿ ಮಾರ್ಗದ ರೈಲು ಹತ್ತಿ, 1893ರಲ್ಲಿ ತೆರೆದ, ಐದೂವರೆ ಕಿಲೋಮೀಟರಿಗೂ ಉದ್ದವಾದ ಟಾಟ್ಲಿ ಸುರಂಗವನ್ನು ದಾಟಿದೊಡನೆ ಗ್ರಿಂಡಲ್‌ಫರ್ಡ್ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಅಲ್ಲಿ ಇಳಿದು ಸ್ವಲ್ಪ ನಡೆದರೆ ಓಕ್ ಮರಗಳ ಹಳೆಯ ಕಾಡು ಶುರುವಾಗುತ್ತದೆ. ನಮ್ಮ ಮಗನಿಗೆ ಸುರಂಗವೇ ಪ್ರಯಾಣದ ಮುಖ್ಯ ಭಾಗ. ನಮಗೆ ಉಳಿದವರಿಗೆ ಅದರಾಚೆಗಿನದು.

ವಾರದ ದಿನಗಳು ಎಲ್ಲರ ಮನೆಯಲ್ಲಿ ಸಾಗುವಂತೆಯೇ ನಮ್ಮಲ್ಲಿಯೂ ಸಾಗುತ್ತವೆ. ಬೆಳಿಗ್ಗೆ ಊಟದ ಡಬ್ಬಿ, ಶಾಲೆ, ಕೆಲಸ, ಸಂಜೆ ಅಡುಗೆ, ಮಕ್ಕಳ ಓದು. ಡಿಸೆಂಬರಿನಲ್ಲಿ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುವುದರಿಂದ ಶಾಲೆ ಬಿಟ್ಟ ಮಕ್ಕಳು ಮನೆ ಸೇರುವ ಹೊತ್ತಿಗೆ ಬೀದಿದೀಪ ಹೊತ್ತಿರುತ್ತದೆ. ಜೂನ್ ತಿಂಗಳಿನಲ್ಲಾದರೋ ರಾತ್ರಿ ಒಂಬತ್ತೂವರೆಗೂ ಬೆಳಕಿದ್ದು, ಮಲಗಿರೆಂದರೆ ಮಲಗುವವರೇ ಇಲ್ಲ. ಮೊದಲ ಚಳಿಗಾಲದಲ್ಲಿ ಈ ಕತ್ತಲೆ ನಮ್ಮನ್ನು ಬಹಳವಾಗಿ ಕಾಡಿತು. ಮಳೆ ನಿಂತ ಮೇಲೆ ಹೊರಡೋಣ ಎಂದು ಕಾಯುತ್ತಾ ಕುಳಿತರೆ ಇಡೀ ಋತುವೇ ಕಳೆದುಹೋಗುತ್ತದೆ ಎಂದು ಪಕ್ಕದ ಮನೆಯ ಹಿರಿಯರೊಬ್ಬರು ಹೇಳಿದ ಮೇಲೆ, ಮಳೆಯಿರಲಿ ಬಿಡಲಿ, ಶನಿವಾರ ಹೊರಡುವುದೆಂದು ನಿಶ್ಚಯಿಸಿದೆವು. ಈಗ ನಮ್ಮ ಮನೆಯ ಭಾನುವಾರವೆಂದರೆ ಕೆಸರಾದ ಬೂಟುಗಳೊಳಗೆ ಹಳೆಯ ಪತ್ರಿಕೆಯನ್ನು ತುರುಕಿ ಹೀಟರಿನ ಪಕ್ಕ ಸಾಲಾಗಿ ಒಣಗಲು ಇಡುವ ದಿನ.

ಈ ನಡಿಗೆಗಳು ನನಗೆ ಇಷ್ಟು ಮುಖ್ಯವಾಗಿರುವುದಕ್ಕೆ ಆರೋಗ್ಯವಾಗಲಿ ನಿಸರ್ಗದ ಚೆಲುವಾಗಲಿ ಮಾತ್ರ ಕಾರಣವಲ್ಲ. ವಲಸೆ ಬಂದವರ ಬದುಕು ಹೆಜ್ಜೆಹೆಜ್ಜೆಗೂ ಕಾಗದಪತ್ರ ಕೇಳುವ ಬದುಕು. ಕೆಲಸಕ್ಕೆ ಸೇರುವಾಗ ಇಲ್ಲಿ ದುಡಿಯುವ ಹಕ್ಕಿದೆಯೆಂದು ತೋರಿಸಬೇಕು. ಬಾಡಿಗೆಗೆ ಮನೆ ಹಿಡಿಯುವಾಗಲೂ, ಬಾಡಿಗೆದಾರರಿಗೆ ಈ ದೇಶದಲ್ಲಿ ವಾಸಿಸುವ ಹಕ್ಕಿದೆಯೇ ಎಂದು ಮಾಲೀಕರು ಪರಿಶೀಲಿಸಲೇಬೇಕೆಂಬ ನಿಯಮ 2016ರಿಂದ ಇಂಗ್ಲೆಂಡಿನಾದ್ಯಂತ ಜಾರಿಯಲ್ಲಿದೆ. ನಿಯಮ ಇರಲಿ, ಅದನ್ನು ನಾನು ದೂರುತ್ತಿಲ್ಲ. ಆದರೆ ಹೊಲಗಳ ನಡುವಿನ ಕಾಲುದಾರಿಯ ಬಾಯಲ್ಲಿ ನಿಂತಾಗ, ನೀವು ಯಾರು, ಎಷ್ಟು ದಿನ ಇರುತ್ತೀರಿ ಎಂದು ಕೇಳುವವರು ಯಾರೂ ಇರುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ಹಕ್ಕು ವೀಸಾದ ಮೇಲೆ ಬಂದಿರುವ ನಮಗೂ ಇದೆ.

ಇಲ್ಲಿನ ಸಾರ್ವಜನಿಕ ಕಾಲುದಾರಿಗಳು ಬಹುಮಟ್ಟಿಗೆ ಖಾಸಗಿ ಜಮೀನಿನ ಮೇಲೆಯೇ ಹಾದುಹೋಗುತ್ತವೆ. ಜಮೀನು ರೈತನದು, ಅದರ ಮೇಲೆ ನಡೆದು ದಾಟುವ ಹಕ್ಕು ಎಲ್ಲರದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂಥ ದಾರಿಗಳ ಒಟ್ಟು ಉದ್ದ ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು. ಇವುಗಳನ್ನು ಗುರುತಿಸಿದ ಅಧಿಕೃತ ನಕ್ಷೆ ಸ್ಥಳೀಯ ಆಡಳಿತದ ಬಳಿ ಇರುತ್ತದೆ. ಒಮ್ಮೆ ಅದರಲ್ಲಿ ದಾಖಲಾದ ದಾರಿಯನ್ನು ಜಮೀನಿನ ಒಡೆಯ ತನ್ನಿಷ್ಟದಂತೆ ಮುಚ್ಚಲಾರ. ಹೊಲದ ನಡುವೆ ಹಾಯುವ ದಾರಿಯನ್ನು ಉಳುಮೆಗಾಗಿ ಕೆದಕಬಹುದಾದರೂ, ಸಾಮಾನ್ಯವಾಗಿ 14 ದಿನಗಳೊಳಗೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಅದನ್ನು ಮತ್ತೆ ನಡೆಯಲು ಯೋಗ್ಯವಾಗಿಸಿಕೊಡಬೇಕು. ಜನರು ಯಾರ ತಡೆಯೂ ಇಲ್ಲದೆ ತಮ್ಮ ಹಕ್ಕೆಂಬಂತೆ 20 ವರ್ಷ ಬಳಸಿದ ದಾರಿಯನ್ನು ಸಾರ್ವಜನಿಕ ದಾರಿಯೆಂದೇ ಭಾವಿಸಲು 1980ರ ಹೆದ್ದಾರಿ ಕಾಯಿದೆ ಅವಕಾಶ ಕೊಡುತ್ತದೆ. ನಡೆದವರ ಕಾಲುಗಳೇ ದಾರಿಗೆ ಸಾಕ್ಷಿಯಾಗುವ ಈ ಏರ್ಪಾಡು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮಗಳಿಗೆ ಕಾನೂನು ಬೇಡ, ನಕ್ಷೆ ಬೇಕು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರ ಕಿತ್ತಳೆ ಬಣ್ಣದ ಹೊದಿಕೆಯ ನಕ್ಷೆಯಲ್ಲಿ ನಾಲ್ಕು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಅದರಲ್ಲಿ ಹಸಿರು ಗೀರುಗಳ ಸಾಲಾಗಿ ಕಾಣುವ ಕಾಲುದಾರಿಯನ್ನು ಬೆರಳಿನಿಂದ ಹಿಂಬಾಲಿಸುತ್ತಾ, ಮುಂದಿನ ಗೋಡೆ ಎಲ್ಲಿ, ಹಳ್ಳ ಎಲ್ಲಿ ಎಂದು ಅವಳು ಮುಂದಾಗಿಯೇ ಹೇಳುತ್ತಾಳೆ. ತಮ್ಮನ ಕೆಲಸ ಕಂಬಗಳ ಮೇಲಿನ ಹಳದಿ ಬಾಣವನ್ನು ಹುಡುಕುವುದು. ಬಾಣ ನೀಲಿಯಾಗಿದ್ದರೆ ಅಲ್ಲಿ ಕುದುರೆ ಸವಾರರೂ ಬರಬಹುದೆಂದು ಕಲಿತ ಮೇಲೆ, ನೀಲಿ ಕಂಡಾಗಲೆಲ್ಲ ನಿಂತು ಹಿಂದೆ ಮುಂದೆ ನೋಡುವುದು ಅವನಿಗೆ ರೂಢಿಯಾಗಿದೆ.

ಹೊಲದಿಂದ ಹೊಲಕ್ಕೆ ದಾಟುವಲ್ಲಿರುವ ಒಂದು ಬಗೆಯ ಬಾಗಿಲು ಮಕ್ಕಳಿಬ್ಬರಿಗೂ ಅಚ್ಚುಮೆಚ್ಚು. ಕಮಾನಿನಂತೆ ಬಾಗಿದ ಬೇಲಿಯೊಳಗೆ ಒಂದೇ ಬಾಗಿಲು ಅತ್ತಿತ್ತ ತೂಗುತ್ತದೆ. ಅದನ್ನು ತಳ್ಳಿ ಒಳಗೆ ಹೋಗಬೇಕು, ಮೂಲೆಗೆ ಸರಿದು ನಿಲ್ಲಬೇಕು, ಬಾಗಿಲನ್ನು ತನ್ನೆದುರಿನಿಂದ ಹಿಂದಕ್ಕೆ ಎಳೆದುಕೊಳ್ಳಬೇಕು, ಆಮೇಲೆ ಆಚೆ ಬದಿಯಿಂದ ಹೊರಬರಬೇಕು. ಒಮ್ಮೆಗೆ ಒಬ್ಬರೇ. ಬೀಗವಿಲ್ಲ, ಚಿಲಕವಿಲ್ಲ, ಆದರೂ ಕುರಿ ದಾಟಲಾರದು, ಯಾರಾದರೂ ಮುಚ್ಚಲು ಮರೆತರು ಎಂಬ ಭಯವೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಅತ್ತೆ ಊರಿನಿಂದ ಬಂದು ಕೆಲವು ತಿಂಗಳು ನಮ್ಮೊಡನೆ ಇದ್ದರು. ಅವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು. ತಡಬೆ ದಾಟುವುದನ್ನೂ ಉಣುಗೋಲು ಸರಿಸುವುದನ್ನೂ ಯಾರೂ ಅವರಿಗೆ ಹೇಳಿಕೊಡಬೇಕಾಗಿಲ್ಲ. ಸೀರೆಯ ಮೇಲೆ ಮಗನ ಮಳೆಯಂಗಿ, ಕಾಲಿಗೆ ಬೂಟು ತೊಟ್ಟು, ಗ್ರಿಂಡಲ್‌ಫರ್ಡ್‌ನಿಂದ ಡರ್ವೆಂಟ್ ನದಿಯ ದಂಡೆ ಹಿಡಿದು ಹ್ಯಾದರ್‌ಸೇಜ್ ಕಡೆಗೆ ನಮಗಿಂತ ಮುಂದಾಗಿ ನಡೆದರು. ಆದರೆ ದನಗಳು ಮೇಯುತ್ತಿದ್ದ ಹುಲ್ಲುಗಾವಲಿನ ಅಂಚಿನಲ್ಲಿ ನಿಂತುಬಿಟ್ಟರು. “ಯಾರದ್ದೋ ಜಾಗ ಕಣೇ ಇದು. ಹೇಳ್ದೆ ಕೇಳ್ದೆ ಹೀಗೆ ನುಗ್ಗಿದ್ರೆ ಬಯ್ಯಲ್ವಾ?” ಎಂದರು. “ಇಲ್ಲ ಅತ್ತೆ, ದಾರಿ ಎಲ್ಲರದ್ದೂ” ಎಂದು ಬಾಣದ ಗುರುತನ್ನು ತೋರಿಸಿದೆ. ಅವರಿಗೆ ಪೂರ್ತಿ ನಂಬಿಕೆ ಬಂದದ್ದು, ಟ್ರ್ಯಾಕ್ಟರಿನಲ್ಲಿ ಎದುರಿಗೆ ಬಂದ ರೈತ ನಮ್ಮನ್ನು ಕಂಡು ಕೈಯೆತ್ತಿ, ತನ್ನ ಪಾಡಿಗೆ ತಾನು ಸಾಗಿದ ಮೇಲೆಯೇ. ಆ ಸಂಜೆ ಫೋನಿನಲ್ಲಿ ಅವರು ಊರಿನವರಿಗೆ ವಿವರಿಸಿದ್ದು ನದಿಯನ್ನಲ್ಲ, ಬೆಟ್ಟವನ್ನಲ್ಲ, ಬಯ್ಯದೆ ಹೋದ ಆ ರೈತನನ್ನು.

ಈ ಹಕ್ಕು ಯಾರೋ ಔದಾರ್ಯದಿಂದ ಕೊಟ್ಟದ್ದಲ್ಲವೆಂದು ನನಗೆ ತಿಳಿದದ್ದು ಇಲ್ಲಿ ನಡೆಯತೊಡಗಿದ ಮೇಲೆ. ನಾವು ಮತ್ತೆ ಮತ್ತೆ ಹೋಗುವ ಲಾಂಗ್‌ಶಾ ಎಸ್ಟೇಟ್ ಒಂದು ಕಾಲದಲ್ಲಿ ರಟ್‌ಲಂಡ್ ಡ್ಯೂಕರ ಬೇಟೆಯ ನೆಲವಾಗಿತ್ತು. 1927ರಲ್ಲಿ ಅದು ಮಾರಾಟಕ್ಕೆ ಬಂದಾಗ ಶೆಫೀಲ್ಡಿನ ಜನರೇ ಹಣ ಕೂಡಿಸಿ ಅದನ್ನು ಉಳಿಸಿಕೊಂಡು, 1931ರಲ್ಲಿ, ಇಂಥ ನೆಲವನ್ನೂ ಹಳೆಯ ಕಟ್ಟಡಗಳನ್ನೂ ಜನರಿಗಾಗಿ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಅಲ್ಲಿನ ಬಿಸಿಲು ಬೀಳುವ ಇಳಿಜಾರುಗಳಲ್ಲಿ ಕಾಡಿರುವೆಗಳು ಕಸಕಡ್ಡಿ ಒಟ್ಟಿ ಕಟ್ಟಿದ ದೊಡ್ಡ ಗುಪ್ಪೆಗಳಿವೆ. ಹತ್ತಿರ ಬಾಗಿ ನೋಡಿದರೆ ಇಡೀ ಗುಪ್ಪೆಯೇ ಸಣ್ಣಗೆ ಹರಿದಾಡುವಂತೆ ಕಾಣುತ್ತದೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಸುಲಭವಲ್ಲ.

ಇನ್ನೂ ಪಶ್ಚಿಮಕ್ಕೆ ಕಿಂಡರ್ ಸ್ಕೌಟ್ ಇದೆ. 636 ಮೀಟರ್ ಎತ್ತರದ ಈ ಬಯಲುಬೆಟ್ಟವನ್ನು ಹಕ್ಕಿ ಬೇಟೆಗೆಂದು ಕಾದಿರಿಸಿ, ಸಾಮಾನ್ಯ ಜನರನ್ನು ಕಾವಲುಗಾರರು ಅಟ್ಟುತ್ತಿದ್ದ ಕಾಲದಲ್ಲಿ, 1932ರ ಏಪ್ರಿಲ್ 24ರಂದು ಕೆಲವು ನೂರು ಮಂದಿ, ಹೆಚ್ಚಿನವರು ಮ್ಯಾಂಚೆಸ್ಟರಿನ ಯುವ ಕಾರ್ಮಿಕರು, ಅನುಮತಿಯಿಲ್ಲದೆ ಅದನ್ನು ಹತ್ತಿದರು. ಐವರಿಗೆ ಸೆರೆಮನೆ ವಾಸವಾಯಿತು. ಅವರ ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ರುಮೇನಿಯಾದಿಂದ ಬಂದ ಯಹೂದಿ ತಂದೆತಾಯಿಯರ ಮಗ ಆತ. ವಲಸೆ ಬಂದವರ ಮಗನೊಬ್ಬ ಈ ನೆಲದ ಮೇಲೆ ಎಲ್ಲರಿಗೂ ನಡೆಯುವ ಹಕ್ಕಿರಬೇಕೆಂದು ಜೈಲಿಗೆ ಹೋದನೆಂಬುದನ್ನು ಓದಿದ ದಿನ ನನಗೆ ಹೇಳಲಾಗದ ಹೆಮ್ಮೆಯಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂದಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಗುರುತಿಸಿದ ಬೆಟ್ಟಬಯಲುಗಳಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕು ಮಾತ್ರ 2000ದ ಕಾಯಿದೆಯವರೆಗೆ ಕಾಯಬೇಕಾಯಿತು.

ಹಕ್ಕಿನ ಜೊತೆಗೆ ನಡವಳಿಕೆಯನ್ನೂ ಮಕ್ಕಳು ಕಲಿಯುತ್ತಿದ್ದಾರೆ. ವಸಂತದಲ್ಲಿ ಕುರಿಗಳು ಮರಿ ಹಾಕುವಾಗ ದೂರದಿಂದ ಹಾಯಬೇಕು, ಗೇಟನ್ನು ಇದ್ದ ಹಾಗೆಯೇ ಬಿಡಬೇಕು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳನ್ನು ಹತ್ತಬಾರದು, ಬುತ್ತಿ ಬಿಚ್ಚಿ ಚಪಾತಿ ತಿಂದ ಮೇಲೆ ಕಾಗದದ ಚೂರೂ ಉಳಿಯಬಾರದು. ಎದುರಿಗೆ ಬಂದವರಿಗೆ ನಮಸ್ಕಾರ ಹೇಳುವುದೂ ಇಲ್ಲಿನ ಪದ್ಧತಿ. ಪೇಟೆಯ ಬೀದಿಯಲ್ಲಿ ಮುಖ ನೋಡದೆ ಸಾಗುವವರೇ ಬೆಟ್ಟದ ಮೇಲೆ ನಿಂತು, ಮುಂದೆ ಕೆಸರು ಹೆಚ್ಚಿದೆ, ಎಡಕ್ಕೆ ಹೋಗಿ ಎಂದು ತಿಳಿಸುತ್ತಾರೆ. ಈ ದಾರಿಗಳಲ್ಲಿ ನಮ್ಮ ಕಡೆಯವರು ಇನ್ನೂ ಕಡಿಮೆ. ನಮ್ಮ ಪರಿಚಯದ ಕನ್ನಡ ಕುಟುಂಬಗಳು ಕಾರಿನಲ್ಲಿ ಹೆಸರಾದ ಜಾಗಕ್ಕೆ ಹೋಗಿ, ಚಿತ್ರ ತೆಗೆದುಕೊಂಡು ಮರಳುವುದೇ ಹೆಚ್ಚು. ಅವರನ್ನು ನಾನು ಬಿಡದೆ ಕರೆಯುತ್ತೇನೆ. ಒಂದೆರಡು ಮನೆಯವರು ಈಗ ನಮ್ಮೊಡನೆ ಬರತೊಡಗಿದ್ದಾರೆ.

ನಮ್ಮ ಮುಂದಿನ ಗುರಿ ಕಿಂಡರ್. ಮಗನ ಕಾಲಿಗೆ ಆ ಏರು ಒಗ್ಗಲೆಂದು ಇಷ್ಟು ದಿನ ಕಾದೆವು. ರೈಲು ನೇರವಾಗಿ ಏಡೇಲ್‌ವರೆಗೆ ಹೋಗುವುದರಿಂದ ಅಲ್ಲಿಂದಲೇ ಹತ್ತುವುದು ಸುಲಭವೆಂದು ಮಗಳು ನಕ್ಷೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದಾಳೆ. ರಾತ್‌ಮನ್ ಮತ್ತು ಸಂಗಡಿಗರು ಹೊರಟ ಹೇಫೀಲ್ಡ್ ಹಳ್ಳಿಯ ಕಡೆಯಿಂದಲೇ ಹತ್ತಬೇಕೆಂದು ನನ್ನ ಆಸೆ. ಅಲ್ಲಿಗೆ ರೈಲಿಲ್ಲ, ಬಸ್ಸು ಬದಲಿಸಬೇಕು, ಬೆಳಿಗ್ಗೆ ಬೇಗ ಹೊರಡಬೇಕು ಎಂದು ಮನೆಯವರು ಲೆಕ್ಕ ಹಾಕುತ್ತಿದ್ದಾರೆ. ಅತ್ತೆ ಮತ್ತೆ ಬರುವ ಹೊತ್ತಿಗೆ ಹೊರಡುವುದೆಂಬುದಷ್ಟು ತೀರ್ಮಾನವಾಗಿದೆ; ಯಾವ ಕಡೆಯಿಂದ ಎಂಬುದು ಇನ್ನೂ ಆಗಿಲ್ಲ.